ಕಪ್ಪೆ ನೀರಿನಲ್ಲಿ ಸುಖವಾಗಿದೆ

ಗಾಬರಿಯವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ನೀರು ಸರಬರಾಜು ಕಚೇರಿಯ ಟಪಾಲು ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತಮೇಲೆ ಆ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಗೆ ಬಂದ ಪತ್ರಕ್ಕೆ ಆವಕ ಸಂಖ್ಯೆ, ಕಚೇರಿಯಿಂದ ಹೋಗುವ ಪತ್ರಕ್ಕೆ ಜಾವಕ ಸಂಖ್ಯೆ ಹಾಕುವುದು ಅವರ ಕೆಲಸ. ಇದರಲ್ಲಿ ಗಾಬರಿಪಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಸಂಖ್ಯೆ ತಪ್ಪಿದ್ದರೆ? ಸರಿಯಾಗಿಯೇ ಹಾಕಿ, ತಪ್ಪಿದೆ ಎಂದು ತಿದ್ದಿಬಿಟ್ಟಿದ್ದರೆ? ಮನೆಗೆ ಬೀಗ ಹಾಕಿ ಬೀದಿಯ ಕೊನೆವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು, ನೋಡುವ ಗಡಿಬಿಡಿಯಲ್ಲಿ ಬೀಗ ತೆಗೆದು ಹಾಗೇ ಹೊರಟುಹೋದ ದಾಖಲೆ ಅವರದು.

ಇಂಥವರನ್ನು ಒಂದು ಶನಿವಾರ ಮಗಳ ಶಾಲೆಯಿಂದ ಕರೆಸಿದರು.

ಮಗಳು ಮೂರನೆಯ ತರಗತಿ. ಮನೆಯಲ್ಲಿ ಅವಳನ್ನು ಚುಕ್ಕಿ ಎನ್ನುತ್ತಿದ್ದರು. ಒಂದು ಪದ ಆಡಿ ಅಲ್ಲಿಗೇ ಪೂರ್ಣವಿರಾಮ ಇಡುವ ಹುಡುಗಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು. ತರಗತಿಯಲ್ಲಿ ಇದ್ದದ್ದೆಲ್ಲ ಮಕ್ಕಳ ಕುರ್ಚಿ. ಗಾಬರಿಯವರು ಅದರಲ್ಲೊಂದರ ಮೇಲೆ ಕೂತಾಗ ಮೊಣಕಾಲು ಗಲ್ಲಕ್ಕೆ ತಾಗಿತು.

"ನಿಮ್ಮ ಮಗಳು ಬುದ್ಧಿವಂತೆ. ಆದ್ರೆ ಬಾಯಿಂದ ಒಂದು ಪೂರ್ತಿ ವಾಕ್ಯ ಬರಲ್ಲ," ಎಂದರು ಮೇಡಂ. "ರಜೆಯಲ್ಲಿ ಏನು ಮಾಡಿದೆ ಅಂತ ಕೇಳ್ದೆ. 'ರಜೆ' ಅಂದ್ಲು."

"ಮನೇಲೂ ಹಾಗೇ ಮೇಡಂ. ಅವಳ ಪಾಲಿನ ಮಾತನ್ನೂ ಅವಳಮ್ಮನೇ ಆಡಿ ಮುಗಿಸ್ತಾಳೆ."

"ಅದಕ್ಕೇ ಕಾಗದದ ಕೆಲಸ ಕೊಡ್ತಿದ್ದೀನಿ. ಕತ್ತರಿಸೋದು, ಮಡಚೋದು, ಅಂಟಿಸೋದು. ಕೈ ಓಡ್ತಾ ಇದ್ರೆ ಮಕ್ಕಳ ಮಾತೂ ಅದರ ಜೊತೆ ಓಡುತ್ತೆ. ನಿಮಗೆ ಕಾಗದದ ಕೆಲಸ ಸ್ವಲ್ಪ ಅಭ್ಯಾಸ ಇದೆಯಾ?"

ಗಾಬರಿಯವರ ಬಾಳಿನಲ್ಲಿ ಧೈರ್ಯವಾಗಿ ಉತ್ತರಿಸಬಹುದಾದ ಪ್ರಶ್ನೆ ಎದುರಾದದ್ದು ಅದೇ ಮೊದಲು.

"ಅಭ್ಯಾಸವಾ? ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ ಮೇಡಂ! ದಿನಕ್ಕೆ ಇನ್ನೂರು ಕಾಗದ ನನ್ನ ಕೈ ದಾಟಿ ಹೋಗುತ್ತೆ."

ಮೇಡಂ ಕಣ್ಣರಳಿಸಿದರು. "ಅಯ್ಯೋ, ಹಾಗಾದ್ರೆ ನಿಮಗೆ ನಾನೇನು ವಿವರಿಸೋದು!" ಎಂದು, ಉಳಿದ ಪಾಲಕರಿಗೆ ಅರ್ಧ ಗಂಟೆ ವಿವರಿಸಿದ್ದನ್ನು ಇವರಿಗೆ ವಿವರಿಸದೆ, ಒಂದು ಚೀಟಿ ಮಾತ್ರ ಕೊಟ್ಟು ಕಳಿಸಿದರು.

ಚೀಟಿಯಲ್ಲಿ ಹೀಗಿತ್ತು: "ವಿಷಯ: ನೀರು. ಹನಿಯ ಆಕಾರದಲ್ಲಿ ಐದು ಕಾಗದ ಕತ್ತರಿಸಿ ಮಡಚಿ. ಒಳಗೆ ಒಂದೊಂದು ಬಗೆಯ ವಾಕ್ಯ. ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ, ನಿಷೇಧ. ಐದು ಮನೆಗೆ ತಲುಪಿಸಿ. ಮಂಗಳವಾರದೊಳಗೆ ಎಲ್ಲ ಮುಗಿಸಿ."

ಮಗು ಐದು ಮನೆಯವರ ಮುಂದೆ ನಿಂತು ಗಟ್ಟಿಯಾಗಿ ಓದಿ, ಅವರೊಡನೆ ನಾಲ್ಕು ಮಾತಾಡಿ, ಹನಿಯನ್ನು ವಾಪಸು ತರಬೇಕು ಎನ್ನುವುದು ಮೇಡಂ ವಿವರಿಸದೆ ಬಿಟ್ಟ ಭಾಗದಲ್ಲಿತ್ತು. ಜಾವಕ ವಿಭಾಗದ ಮನುಷ್ಯನಿಗೆ 'ತಲುಪಿಸಿ' ಎಂದರೆ ತಲುಪಿಸುವುದು, ಅಷ್ಟೆ.

ಭಾನುವಾರ ಬೆಳಿಗ್ಗೆ ಹೆಂಡತಿ ಹೊಲಿಗೆ ಅಂಗಡಿಗೆ ಹೋದಳು. ಶಾಲೆ ಸಮವಸ್ತ್ರಗಳ ಕಾಲ, ಅವಳಿಗೆ ಭಾನುವಾರವೂ ಬಿಡುವಿರಲಿಲ್ಲ. ಅಪ್ಪ ಮಗಳು ಊಟದ ಮೇಜಿನ ಮುಂದೆ ಕೂತರು. ಕತ್ತರಿ ಇತ್ತು, ಗೋಂದು ಇತ್ತು. ಬಣ್ಣದ ಕಾಗದ ಇರಲಿಲ್ಲ.

ಆಗ ಗಾಬರಿಯವರಿಗೆ ಕಪಾಟಿನ ನೆನಪಾಯಿತು. ಅಲ್ಲಿ ಹೊದಿಕೆಗಳ ಕೆಳಗೆ ನೀಲಿ ಬಣ್ಣದ ಒಂದು ಕಟ್ಟು ನಮೂನೆ ಕಾಗದಗಳಿದ್ದವು. ಅಚ್ಚಿನ ತಪ್ಪಿನಿಂದ ರದ್ದಾದವು. ಒಂದು ಕಡೆ "ಸಾರ್ವಜನಿಕರ ಗಮನಕ್ಕೆ" ಎಂದು ದಪ್ಪಕ್ಷರ, ಅದರ ಕೆಳಗೆ ಕಚೇರಿಯ ಮೊಹರು. ಇನ್ನೊಂದು ಕಡೆ ಖಾಲಿ. ಸಾಮಾನಿನ ಪಟ್ಟಿ ಬರೆಯಲು ಆದೀತೆಂದು ಅವರು ಅದನ್ನು ಮನೆಗೆ ತಂದ ಮೂರನೆಯ ದಿನವೇ ಸಾಹೇಬರ ಸುತ್ತೋಲೆ ಹೊರಟಿತ್ತು: ಕಚೇರಿಯ ಒಂದು ತುಂಡು ಕಾಗದವೂ ಹೊರಗೆ ಹೋಗಕೂಡದು, ಹೋದರೆ ಕೆಲಸದಿಂದ ವಜಾ. ಆ ಸುತ್ತೋಲೆಗೆ ಜಾವಕ ಸಂಖ್ಯೆ ಹಾಕಿದವರು ಇವರೇ. ಕಟ್ಟನ್ನು ವಾಪಸು ಒಯ್ಯೋಣವೆಂದರೆ, ಒಯ್ಯುವಾಗ ಸಿಕ್ಕಿಬಿದ್ದರೆ? ಸುಡೋಣವೆಂದರೆ, ಹೊಗೆ ನೋಡಿ ಯಾರಾದರೂ ಬಂದರೆ? ಮೂರು ವಾರದಿಂದ ಅವರು ಆ ಕಪಾಟಿನ ಎದುರು ಹಾದುಹೋಗುವಾಗ ತಲೆ ತಗ್ಗಿಸುತ್ತಿದ್ದರು.

ಈಗ ಮಗಳ ವಿದ್ಯೆಯೂ ಬೆಳೆಯುತ್ತದೆ, ಸಾಕ್ಷ್ಯವೂ ಚೂರುಚೂರಾಗುತ್ತದೆ.

ಗಾಬರಿಯವರು ಕತ್ತರಿಸಿದ ಮೊದಲ ಹನಿ ಬದನೆಕಾಯಿಯಂತಾಯಿತು. ಎರಡನೆಯದು ಬೂಟಿನಂತಾಯಿತು. ಚುಕ್ಕಿ ಮಾತಿಲ್ಲದೆ ಅವರ ಕೈಯಿಂದ ಕತ್ತರಿ ತೆಗೆದುಕೊಂಡು ಐದು ಹನಿಗಳನ್ನು ನೀಟಾಗಿ ಕತ್ತರಿಸಿದಳು.

"ಏನು ಮಾಡ್ತಿದ್ದೀಯ, ಹೇಳ್ತಾ ಮಾಡು ಮರಿ."

"ಕತ್ತರಿ."

"ಕತ್ತರಿಯಿಂದ?"

"ಕಾಗದ."

ಎರಡನ್ನೂ ಸೇರಿಸಿದರೆ ಹೆಚ್ಚುಕಡಿಮೆ ಒಂದು ವಾಕ್ಯವೇ ಆಗುತ್ತದೆ ಎಂದು ಗಾಬರಿಯವರು ಸಮಾಧಾನಪಟ್ಟರು. ಬರೆಯುವುದರಲ್ಲಿ ಅವಳು ಇಷ್ಟು ಜಿಪುಣಿಯಲ್ಲ ಎನ್ನುವುದು ಅವರಿಗೆ ಅಂದೇ ಗೊತ್ತಾದದ್ದು. ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಅವಳು ಐದು ಬಗೆಯ ಐದು ವಾಕ್ಯಗಳನ್ನು ಬರೆದಳು.

"ಕಪ್ಪೆ ನೀರಿನಲ್ಲಿ ಸುಖವಾಗಿದೆ."

"ನೀರು ಎಲ್ಲಿಗೆ ಹೋಯಿತು?"

"ಇಂದೇ ನೀರು ತುಂಬಿಸಿಡಿ."

"ಅಬ್ಬಾ, ಎಷ್ಟು ದೊಡ್ಡ ಕಪ್ಪೆ!"

"ನಾಳೆ ನೀರು ಬರುವುದಿಲ್ಲ."

"ಭೇಷ್!" ಎಂದರು ಗಾಬರಿಯವರು. "ಕೊನೇದು ನಮ್ಮ ಕಚೇರಿಯವರೇ ಬರೆದ ಹಾಗಿದೆ! ಆದ್ರೆ ಕಪ್ಪೆ ಯಾಕೆ?"

"ಇಷ್ಟ."

ಐದು ಮನೆಗೆ ಮಗಳ ಜೊತೆ ತಾವೂ ಹೋಗಬೇಕೆಂದಿದ್ದರು. ಆದರೆ ಅಷ್ಟರಲ್ಲಿ ಅವರ ಎಡಗೈಯ ಮೂರು ಬೆರಳು ಒಂದಕ್ಕೊಂದು ಅಂಟಿ, ಬಿಡಿಸಲು ಹೋದ ಬಲಗೈಯೂ ಗೋಂದಿನ ಡಬ್ಬಿಗೆ ಅಂಟಿತ್ತು. "ನೀನೇ ಹೋಗಿ ತಲುಪಿಸಿ ಬಾ," ಎಂದು ಸ್ನಾನದ ಮನೆಗೆ ಓಡಿದರು. ಅವರು ಬೆರಳು ಬೇರೆ ಮಾಡಿಕೊಂಡು ಬರುವಷ್ಟರಲ್ಲಿ ಚುಕ್ಕಿ ಬಂದು ಕೂತಿದ್ದಳು.

"ತಲುಪಿಸಿದ್ಯಾ?"

"ಹೂಂ."

"ಯಾರ ಕೈಗೆ ಕೊಟ್ಟೆ?"

"ಬಾಗಿಲಿಗೆ."

ಐದು ಮನೆಯವರ ಮುಖ ನೋಡುವುದಕ್ಕಿಂತ ಐದು ಬಾಗಿಲಿಗೆ ಗೋಂದು ಹಚ್ಚುವುದು ಅವಳಿಗೆ ಸುಲಭವೆನಿಸಿತ್ತು. ಗಾಬರಿಯವರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಂದು ಮಧ್ಯಾಹ್ನ ಅವರು ಮೂರು ವಾರದ ನಂತರ ಮೊದಲ ಬಾರಿಗೆ ನಿಶ್ಚಿಂತೆಯಿಂದ ನಿದ್ದೆ ಮಾಡಿದರು. ಮನುಷ್ಯ ನಿಶ್ಚಿಂತೆಯಿಂದ ಮಲಗಿದಾಗಲೇ ಬೀದಿಯಲ್ಲಿ ಏನಾದರೂ ಆಗುವುದು.

ಐದು ಗಂಟೆಗೆ ಬಕೆಟ್ಟುಗಳ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಮೂಲೆ ಮನೆಯ ಜಗಲಿಯಲ್ಲಿ ಜನ. ಅದು ನಿವೃತ್ತ ಕೋರ್ಟು ಟೈಪಿಸ್ಟರ ಮನೆ. ಮೂವತ್ತು ವರ್ಷ ತೀರ್ಪುಗಳನ್ನು ಟೈಪು ಮಾಡಿದ್ದರಿಂದ ಕಾನೂನಿನ ಭಾಷೆ ತಮಗೊಬ್ಬರಿಗೇ ಅರ್ಥವಾಗುವುದು ಎಂದು ಅವರೂ ನಂಬಿದ್ದರು, ಬೀದಿಯೂ ನಂಬಿತ್ತು. ಅವರ ಮುಂದಿನ ಸ್ಟೂಲಿನ ಮೇಲೆ ಐದು ನೀಲಿ ಹನಿಗಳು ಸಾಲಾಗಿ ಮಲಗಿದ್ದವು.

"ಇವು ಐದು ಬೇರೆ ಬೇರೆ ಕಾಗದ ಅಲ್ಲ," ಎನ್ನುತ್ತಿದ್ದರು ಟೈಪಿಸ್ಟರು. "ಒಂದೇ ಆದೇಶದ ಐದು ಭಾಗ. ಜನ ಗಾಬರಿ ಆಗಬಾರದು ಅಂತ ಹಂಚಿದ್ದಾರೆ. ಕ್ರಮವಾಗಿ ಜೋಡಿಸಿ ಓದ್ತೀನಿ, ಕೇಳಿ. ಕಪ್ಪೆ ನೀರಿನಲ್ಲಿ ಸುಖವಾಗಿದೆ. ಅಂದ್ರೆ ಟ್ಯಾಂಕಿನಲ್ಲಿ ಕಪ್ಪೆ ಇದೆ, ಇಲಾಖೆಗೆ ಅದು ಗೊತ್ತಿದೆ. ಅಬ್ಬಾ, ಎಷ್ಟು ದೊಡ್ಡ ಕಪ್ಪೆ. ಇದು ಸ್ಥಳ ಪರಿಶೀಲನೆಯ ವರದಿ. ನಾಳೆ ನೀರು ಬರುವುದಿಲ್ಲ. ಇಂದೇ ತುಂಬಿಸಿಡಿ. ನೀರು ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಇಲಾಖೆಯ ಹತ್ತಿರವೂ ಇಲ್ಲ."

"ಕಪ್ಪೆ ಬಿದ್ದ ನೀರನ್ನೇ ತುಂಬಿಸಿಡಬೇಕಾ?" ಎಂದು ಕೇಳಿದವರು ಲಾಂಡ್ರಿಯವರು. ಅವರ ಹತ್ತಿರ ಒಂದು ಮದುವೆ ಮನೆಯ ಬಿಳಿ ಬಟ್ಟೆಗಳೆಲ್ಲ ನೆನೆಯುತ್ತಿದ್ದವು.

"ತಿಂಗಳಿಂದ ನನಗೆ ಹೊಟ್ಟೆ ಸರಿಯಿಲ್ಲ," ಎಂದರು ಮಹಡಿ ಮನೆ ಅಜ್ಜಿ. "ಡಾಕ್ಟ್ರು ವಯಸ್ಸು ಅಂದ್ರು. ವಯಸ್ಸಂತೆ! ಕಪ್ಪೆ!"

ಅಷ್ಟರಲ್ಲಿ ಯಾರೋ ಗಾಬರಿಯವರನ್ನು ನೋಡಿದರು. "ಬಂದ್ರು! ಇಲಾಖೆಯವರೇ ಬಂದ್ರು!"

ಗಾಬರಿಯವರ ಕಣ್ಣು ಹನಿಗಳ ಮೇಲೆ, ಹನಿಗಳ ಹಿಂಬದಿಯ ಮೊಹರಿನ ಮೇಲೆ ಬಿತ್ತು. ಇದು ಮಗಳ ಶಾಲೆ ಕೆಲಸ ಎಂದರೆ, ಕಚೇರಿಯ ಕಾಗದ ಮನೆಗೆ ಹೇಗೆ ಬಂತು? ಗೊತ್ತಿಲ್ಲ ಎಂದರೆ, ಇಲಾಖೆಯವರಿಗೆ ಇಲಾಖೆಯ ಮೊಹರು ಗೊತ್ತಿಲ್ಲವೆ?

"ಅದು... ನೀರಿನ ಬಗ್ಗೆ ಅಲ್ಲ. ಭಾಷೆ ಬಗ್ಗೆ."

"ನಿಮ್ಮ ಇಲಾಖೆ ಭಾಷೆ ಹೇಗಿರುತ್ತೆ ಅಂತ ನಮಗೆ ಗೊತ್ತು. ಕಪ್ಪೆ ವಿಷಯ ಹೇಳಿ," ಎಂದರು ಲಾಂಡ್ರಿಯವರು.

"ಕಪ್ಪೆ ಇಲ್ಲ. ಅದು ಬರೀ ಕಲ್ಪನೆ."

"ಅಂದ್ರೆ ಇನ್ನೂ ಹಿಡಿದಿಲ್ಲ!" ಎಂದರು ಅಜ್ಜಿ.

"ನಾಳೆ ನೀರು ಬರುತ್ತೆ, ಖಂಡಿತ ಬರುತ್ತೆ. ಅದು ನಿಷೇಧ ಅಷ್ಟೆ."

ಈ ಮಾತನ್ನು ಅವರು ಆಡಬಾರದಿತ್ತು. ಟೈಪಿಸ್ಟರು ಎದ್ದುನಿಂತರು. "ಕೇಳಿದಿರಾ? ನಿಷೇಧ! ನೀರಿನ ಮೇಲೆ ನಿಷೇಧಾಜ್ಞೆ ಬಂದಿದೆ!"

ಜಗಲಿ ಎರಡೇ ನಿಮಿಷದಲ್ಲಿ ಖಾಲಿಯಾಯಿತು. ಎಲ್ಲ ನಲ್ಲಿಗಳೂ ಒಟ್ಟಿಗೆ ತಿರುಗಿದವು. ಬಕೆಟ್ಟು, ಕೊಡ, ಡ್ರಮ್ಮು ತುಂಬಿದ ಮೇಲೆ ಕುಕ್ಕರು, ಹೂದಾನಿ, ಮಗುವಿನ ಸ್ನಾನದ ತೊಟ್ಟಿ. ಸುದ್ದಿ ಪಕ್ಕದ ಬೀದಿಗೆ ಹೋಯಿತು, ಅಲ್ಲಿಂದ ಅದರಾಚೆಗೂ ಹೋಯಿತು. ಮೂರನೆಯ ಬೀದಿ ತಲುಪುವಾಗ ಕಪ್ಪೆ ಮೊಸಳೆಯಾಗಿತ್ತು.

ಹೆಂಡತಿ ಅಂಗಡಿಯಿಂದ ಬಂದವಳೇ ಸೆರಗು ಸಿಕ್ಕಿಸಿ ಬಕೆಟ್ಟು ಹಿಡಿದಳು.

"ಅದು ನಿಜ ಅಲ್ಲ ಕಣೇ! ಚುಕ್ಕಿ ಬರೆದದ್ದು, ನನ್ನ ಕಣ್ಣೆದುರಿಗೇ ಬರೆದದ್ದು!"

"ಇರಲಿ. ಆ ಕೊಡ ಇತ್ತ ಕೊಡಿ."

"ನಾಳೆ ನೀರು ಬರುತ್ತೆ ಅಂತ ನಾನು ಹೇಳ್ತಿದ್ದೀನಲ್ಲ?"

"ರೀ, ಇಡೀ ಬಡಾವಣೆ ಇವತ್ತೇ ಟ್ಯಾಂಕು ಖಾಲಿ ಮಾಡ್ತಿದೆ. ನಾಳೆ ಎಲ್ಲಿಂದ ಬರುತ್ತೆ? ನಿಮ್ಮ ಮಗಳು ಸರಿಯಾಗೇ ಬರೆದಿದ್ದಾಳೆ. ಕೊಡ ಕೊಡಿ."

ಗಾಬರಿಯವರು ಕೊಡ ಕೊಟ್ಟರು.

ಸೋಮವಾರ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹಾವಿನಂತೆ ಬುಸ್ಸೆಂದು ಸುಮ್ಮನಾಯಿತು. ಕಚೇರಿಯಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಕಪ್ಪೆ, ಇಟ್ಟರೆ ಮತ್ತೆ ಕಪ್ಪೆ. ಸಾಹೇಬರು ಎಲ್ಲ ವಿಭಾಗದವರನ್ನೂ ಸಾಲಾಗಿ ನಿಲ್ಲಿಸಿದರು.

"ಯಾವ ನೋಟೀಸು? ಯಾರು ಕಳಿಸಿದ್ದು? ಏನ್ರೀ ಗಾಬರಿ, ಜಾವಕ ಪುಸ್ತಕದಲ್ಲಿ ಇದೆಯಾ?"

"ಇ... ಇಲ್ಲ ಸಾರ್."

"ಹಾಗಾದ್ರೆ ಹೊರಗೆ ಹೇಗೆ ಹೋಯ್ತು? ನಮ್ಮ ಕಾಗದ, ನಮ್ಮ ಮೊಹರು! ಯಾವನೋ ಕಳ್ಳ ಈ ಕಚೇರಿಯೊಳಗೇ ಇದ್ದಾನೆ. ಸಾಯಂಕಾಲದೊಳಗೆ ಅವನನ್ನು ಹುಡುಕಿ ನನ್ನ ಮುಂದೆ ನಿಲ್ಲಿಸೋ ಜವಾಬ್ದಾರಿ ನಿಮ್ಮದು!"

ಗಾಬರಿಯವರು ತಲೆಯಾಡಿಸಿದರು. ಹುಡುಕುವುದು ಅಷ್ಟೇನೂ ಕಷ್ಟವಿರಲಿಲ್ಲ. ನಿಲ್ಲಿಸುವುದು ಕಷ್ಟವಿತ್ತು. ಹೇಳಿಬಿಡೋಣ ಎಂದು ಮೂರು ಸಲ ಬಾಯಿ ತೆರೆದರು. ಮೂರು ಸಲವೂ ಫೋನು ಬಂತು.

ಮಧ್ಯಾಹ್ನ ಮೂರರ ಹೊತ್ತಿಗೆ ಬಂದ ನಾಲ್ಕನೆಯ ಫೋನು ಮೇಲಿನ ಕಚೇರಿಯದು. ದೊಡ್ಡ ಸಾಹೇಬರು ಸ್ವತಃ ಟ್ಯಾಂಕಿನ ಹತ್ತಿರ ಬರುತ್ತಿದ್ದಾರೆ. ಎಲ್ಲರೂ ಜೀಪು ಹತ್ತಿದರು.

ಟ್ಯಾಂಕಿನ ಬುಡದಲ್ಲಿ ಬಡಾವಣೆಯೇ ನೆರೆದಿತ್ತು. ಟೈಪಿಸ್ಟರು ಐದು ಹನಿಗಳನ್ನು ಒಂದು ರಟ್ಟಿಗೆ ಗುಂಡುಸೂಜಿಯಿಂದ ಸಿಕ್ಕಿಸಿ ಎದೆಗವಚಿಕೊಂಡು ಮುಂದೆ ನಿಂತಿದ್ದರು. ಮೇಲೆ ಹತ್ತಿದ್ದ, ಬೀದಿಗಳಿಗೆ ನೀರು ಬಿಡುವ ವಾಲ್ವಿನವನು ಅಲ್ಲಿಂದಲೇ ಕೂಗಿದ: "ಸಾರ್, ಕಪ್ಪೆ ಇಲ್ಲ!"

ಜನ ನಿಟ್ಟುಸಿರಿಟ್ಟರು.

"ನೀರೂ ಇಲ್ಲ! ಆದ್ರೆ ಕೆಸರಿದೆ ಸಾರ್, ನನ್ನ ಮೊಣಕಾಲುದ್ದ! ಕಪ್ಪೆ ಬಂದಿದ್ರೂ ಇಲ್ಲಿ ಇರ್ತಿರಲಿಲ್ಲ!"

ದೊಡ್ಡ ಸಾಹೇಬರು ನಿಧಾನವಾಗಿ ತಿರುಗಿದರು. "ಆರು ತಿಂಗಳಿಗೊಮ್ಮೆ ಟ್ಯಾಂಕು ತೊಳೆಸ್ತಿದ್ದೀವಿ ಅಂತ ವರದಿ ಕಳಿಸ್ತಿದ್ರಲ್ಲ?"

ನಮ್ಮ ಸಾಹೇಬರ ಮುಖ ಬೆಳ್ಳಗಾಯಿತು. ಅವರು ಆಚೆ ನೋಡಿದರು, ಈಚೆ ನೋಡಿದರು, ಟೈಪಿಸ್ಟರ ರಟ್ಟು ನೋಡಿದರು. ಬೆಳಿಗ್ಗೆ ಕಳ್ಳ ಎಂದದ್ದು ಆ ಕ್ಷಣಕ್ಕೆ ಅವರ ನೆನಪಿನಿಂದ ಅಳಿಸಿಹೋಯಿತು.

"ಅದಕ್ಕೇ ಸಾರ್ ಈ ಕ್ರಮ! ತೊಳೆಯೋದಕ್ಕೆ ಅಂತಲೇ ಟ್ಯಾಂಕು ಖಾಲಿ ಮಾಡಿಸಿದ್ದು. ಹಿಂದಿನ ದಿನವೇ ಮನೆಮನೆಗೂ ನೋಟೀಸು ಕೊಟ್ಟಿದ್ದೀವಿ. ನಮ್ಮ ಕಚೇರಿಯದೇ. ನಾನೇ ಹೇಳಿ ಬರೆಸಿದ್ದು."

"ಕಪ್ಪೆ ನೀರಿನಲ್ಲಿ ಸುಖವಾಗಿದೆ, ಇದೂ ನೀವೇ ಬರೆಸಿದ್ದಾ?"

"ಅದು... ಜನರಿಗೆ ಹತ್ತಿರವಾಗಲಿ ಅಂತ ಸಾರ್."

ಆ ಹೊತ್ತಿಗೆ ಶಾಲೆ ಬಿಟ್ಟಿತ್ತು. ಚೀಲ ಹೊತ್ತ ಚುಕ್ಕಿ ಜನರ ಕಾಲುಗಳ ನಡುವೆ ನುಸುಳಿ ಮುಂದೆ ಬಂದಳು. ಅಂದು ತರಗತಿಯಲ್ಲಿ, ಬೇರೆ ವಿಷಯ ಸಿಕ್ಕಿದ್ದ ಉಳಿದ ಮಕ್ಕಳು ತಮ್ಮ ಕಾಗದದ ಮರ, ಬಸ್ಸು, ಬೆಕ್ಕುಗಳನ್ನು ಆಗಲೇ ವಾಪಸು ತಂದದ್ದನ್ನು ನೋಡಿದ್ದಳು. ತನ್ನ ಹನಿಗಳು ಪರರ ಕೈಯಲ್ಲಿರುವುದು ಈಗ ಕಣ್ಣಿಗೆ ಬಿತ್ತು.

"ಅದು ನನ್ನದು," ಎಂದಳು.

ಯಾರೂ ಕೇಳಿಸಿಕೊಳ್ಳಲಿಲ್ಲ. ಗಾಬರಿಯವರಿಗೆ ಕೇಳಿಸಿತು. ಅವರು ಮಗಳ ಬಾಯಿ ಮುಚ್ಚಲು ಕೈ ಚಾಚಿದರು. ಆ ಕೈಯನ್ನು ಸರಿಸಿ ಅವಳು ದೊಡ್ಡ ಸಾಹೇಬರ ಮುಂದೆಯೇ ಹೋಗಿ ನಿಂತಳು.

"ಅದು ನನ್ನದು! ನಾನೇ ಕತ್ತರಿಸಿ, ನಾನೇ ಮಡಚಿ, ನಾನೇ ಬರೆದಿದ್ದೀನಿ. ಅಪ್ಪನಿಗೆ ಹನಿ ಕತ್ತರಿಸೋಕೆ ಬರಲ್ಲ, ಅವರು ಬದನೆಕಾಯಿ ಮಾಡಿದ್ರು. ನಾಳೆ ಮಿಸ್ಸಿಗೆ ತೋರಿಸ್ಬೇಕು. ನೀವು ಯಾಕೆ ಇಟ್ಕೊಂಡಿದ್ದೀರ? ಕೊಡಿ! ಈ ಅಜ್ಜ ಎಲ್ಲಾದಕ್ಕೂ ತೂತು ಮಾಡಿಬಿಟ್ಟಿದ್ದಾರೆ!"

ಟೈಪಿಸ್ಟರು ಗುಂಡುಸೂಜಿ ಕೈಯಲ್ಲಿ ಹಿಡಿದು ತಪ್ಪಿತಸ್ಥರಂತೆ ನಿಂತರು. ಎಂಟು ವರ್ಷದಲ್ಲಿ ಮಗಳು ಇಷ್ಟು ಮಾತಾಡಿದ್ದನ್ನು ಗಾಬರಿಯವರು ಕೇಳಿರಲಿಲ್ಲ. ಹೇಳಿಕೆ, ಪ್ರಶ್ನೆ, ಆಜ್ಞೆ ಎಲ್ಲ ಒಂದರ ಹಿಂದೊಂದು ಬಂದಿದ್ದವು. ಅವರ ಎದೆ ಹೆಮ್ಮೆಯಿಂದ ಉಬ್ಬಿತು, ಉಬ್ಬುತ್ತಿರುವಾಗಲೇ ಭಯದಿಂದ ಕುಸಿಯಿತು. ಇನ್ನು ಬಚ್ಚಿಡುವುದು ಏನೂ ಉಳಿದಿರಲಿಲ್ಲ.

"ಸಾರ್," ಎಂದರು ಅವರು. "ಕಾಗದ ನಾನೇ ಮನೆಗೆ ತಂದದ್ದು. ಕಳ್ಳ ನಾನೇ. ಮಗಳು ಮಾತು ಕಲೀಲಿ ಅಂತ... ಕಲಿತಿದ್ದಾಳೆ ಸಾರ್."

ದೊಡ್ಡ ಸಾಹೇಬರು ತಮ್ಮ ಕೈಕೆಳಗಿನವರನ್ನು ನೋಡಿದರು. ಅವರು ಟ್ಯಾಂಕಿನ ಕಂಬಗಳನ್ನು ಎಣಿಸುತ್ತಿದ್ದರು. ಆಗ ಲಾಂಡ್ರಿಯವರು ಮುಂದೆ ಬಂದರು.

"ಯಾರು ಬರೆದ್ರೇನು ಸಾರ್? ಇಷ್ಟು ವರ್ಷ ಇವರು ಹೇಳದೆ ಕೇಳದೆ ನೀರು ನಿಲ್ಲಿಸ್ತಿದ್ರು. ನೋಟೀಸು ಅಂತ ಬಂದದ್ದು ಇದೇ ಮೊದಲು. ಓದಿದ ಕೂಡಲೇ ಅರ್ಥ ಆಯ್ತು, ಹಿಂದಿನ ದಿನವೇ ತುಂಬಿಸಿಟ್ವಿ. ಒಂದು ಬಟ್ಟೆ ಹಾಳಾಗಲಿಲ್ಲ. ಈಗ ನೀವು ಇದು ಸುಳ್ಳು ನೋಟೀಸು ಅಂದ್ರೆ, ನಿಜವಾದ್ದು ಎಲ್ಲಿ ಅಂತ ಕೇಳ್ಬೇಕಾಗುತ್ತೆ."

ಜನ ಹೌದು ಹೌದು ಎಂದರು. ಅಜ್ಜಿ ಮಾತ್ರ ಕೆಸರಿನ ವಿಷಯಕ್ಕೆ ಬರೋಣ ಎಂದರು.

ದೊಡ್ಡ ಸಾಹೇಬರು ಅನುಭವಸ್ಥರು. ಎಂಟು ವರ್ಷದ ಮಗು ಇಲಾಖೆಗಿಂತ ಚೆನ್ನಾಗಿ ಬರೆಯುತ್ತದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಅದನ್ನೇ ಇಲಾಖೆಯ ಬರಹ ಮಾಡಿಕೊಳ್ಳುವುದು ಲೇಸೆಂದು ಕಂಡುಕೊಂಡರು. "ಟ್ಯಾಂಕು ಇವತ್ತೇ ತೊಳೆಸಿ. ನೀವು ಇಲ್ಲೇ ನಿಂತು ತೊಳೆಸಿ," ಎಂದು ಸಾಹೇಬರಿಗೆ ಹೇಳಿ, ಗಾಬರಿಯವರ ಕಡೆ ತಿರುಗಿದರು. "ಈ ನೋಟೀಸಿಗೆ ಜಾವಕ ಸಂಖ್ಯೆ ಹಾಕಿ. ಭಾನುವಾರದ್ದು."

ಹೀಗೆ ಗಾಬರಿಯವರ ಕಾಗದ ಕಚೇರಿಯಿಂದ ಹೊರಹೋದದ್ದು ಕಳ್ಳತನವಾಗಿ ಉಳಿಯಲಿಲ್ಲ, ರವಾನೆಯಾಯಿತು. ಆದರೆ ಸಂಖ್ಯೆ ಬಿದ್ದಮೇಲೆ ಹನಿಗಳು ಸರ್ಕಾರದ್ದು. ಕಡತಕ್ಕೆ ಸೇರಿದ್ದನ್ನು ಹಿಂದಕ್ಕೆ ಕೊಡುವಂತಿಲ್ಲ. ಚುಕ್ಕಿ ಅಲ್ಲೇ ನೆಲದ ಮೇಲೆ ಕೂತು ಗೋಳೋ ಎಂದಳು, ಅದೂ ಪೂರ್ತಿ ವಾಕ್ಯಗಳಲ್ಲಿ. ಕೊನೆಗೆ ಸಾಹೇಬರು ಅವಳ ಮಿಸ್ಸಿಗೆ ಕಚೇರಿಯಿಂದಲೇ ಒಂದು ಪತ್ರ ಬರೆಸಿಕೊಟ್ಟ ಮೇಲೆ ಕಣ್ಣೊರೆಸಿಕೊಂಡಳು.

ಮಂಗಳವಾರ ಅವಳು ಆ ಪತ್ರವನ್ನು ತರಗತಿಯಲ್ಲಿ ಒಪ್ಪಿಸಿದಳು. ಐದು ವಾಕ್ಯಗಳನ್ನೂ ನೋಡದೆ ಗಟ್ಟಿಯಾಗಿ ಹೇಳಿದಳು. ಕೆಸರು, ವಾಲ್ವಿನವನು, ಅಜ್ಜಿಯ ಹೊಟ್ಟೆ ಎಲ್ಲವನ್ನೂ ವರ್ಣಿಸಿದಳು. ಮುಂದಿನ ಪಾಠಕ್ಕೆ ಗಂಟೆ ಹೊಡೆದರೂ ನಿಲ್ಲಿಸಲಿಲ್ಲವೆಂದು ಕೇಳಿ ಗಾಬರಿಯವರಿಗೆ ಹೊಸದೊಂದು ಚಿಂತೆ ಶುರುವಾಯಿತು.

ಬುಧವಾರ ಬೆಳಿಗ್ಗೆ ಕಚೇರಿಯ ಟಪಾಲಿನಲ್ಲಿ ಶಾಲೆಯ ಲಕೋಟೆ ಇತ್ತು. ಗಾಬರಿಯವರು ಒಡೆದು ನೋಡಿದರು. ಒಳಗಿದ್ದದ್ದು ಸಾಹೇಬರ ಪತ್ರವೇ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಶಾಲೆಯ ವಿದ್ಯಾರ್ಥಿನಿಯು ಸಿದ್ಧಪಡಿಸಿರುವ ಹಾಗೂ ಈ ಕಚೇರಿಯ ಕಡತದಲ್ಲಿ ಸೇರಿಸಲ್ಪಟ್ಟಿರುವ" ಎಂದು ಹೊರಟು ಪುಟದ ಕೊನೆಯವರೆಗೂ ಎಲ್ಲೂ ನಿಲ್ಲದ ಒಂದೇ ವಾಕ್ಯ. ಅದರ ತುಂಬ ಕೆಂಪು ಶಾಯಿಯ ಗೆರೆಗಳು. ಕೆಳಗೆ ಮೇಡಂ ಕೈಬರಹ: "ವಾಕ್ಯ ಬಹಳ ಉದ್ದ. ಕರ್ತೃ ಎಲ್ಲಿ? ಬಿಡಿಸಿ ಮತ್ತೆ ಬರೆಯಿರಿ."

ಬಂದ ಪತ್ರಕ್ಕೆ ಆವಕ ಸಂಖ್ಯೆ ಹಾಕಲೇಬೇಕು. ಹಾಕಿದ ಮೇಲೆ ಸಾಹೇಬರ ಮುಂದೆ ಇಡಲೇಬೇಕು. ಗಾಬರಿಯವರು ಎರಡು ಲೋಟ ನೀರು ಕುಡಿದು ಒಳಗೆ ಹೋದರು, ಪತ್ರ ಇಟ್ಟರು, ಕೈಕಟ್ಟಿ ನಿಂತರು. ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಅವರ ಕಿವಿ ಕೆಂಪಾಯಿತು. ಗಾಬರಿಯವರು ಬಾಗಿಲು ಎಷ್ಟು ದೂರವಿದೆಯೆಂದು ಲೆಕ್ಕ ಹಾಕಿದರು.

"ಕೂತ್ಕೊಳ್ರಿ," ಎಂದರು ಸಾಹೇಬರು. ಖಾಲಿ ಹಾಳೆಯೊಂದನ್ನು ಹತ್ತಿರಕ್ಕೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ದನಿ ತಗ್ಗಿಸಿ ಕೇಳಿದರು:

"ನಿಮ್ಮ ಮಗಳು ಶಾಲೆಯಿಂದ ಎಷ್ಟು ಗಂಟೆಗೆ ಬರ್ತಾಳೆ?"